ಗಂಟಿಗೆ ಹಾಕಿದ ಗಂಟು

ನಮ್ಮ ಮನೆಯವರ ಬಲಭುಜದ ಮೇಲೆ ಈಗ ಒಂದು ತಗ್ಗಿದೆ. ನನ್ನ ಅಂಗೈ ಇಟ್ಟರೆ ಅದರೊಳಗೆ ಸರಿಯಾಗಿ ಕೂಡುತ್ತದೆ. ತೊಡೆಯ ಚರ್ಮ ತೆಗೆದು ಹಚ್ಚಿದ್ದರಿಂದ ಆ ಜಾಗದ ಬಣ್ಣ ಉಳಿದ ಮೈಬಣ್ಣಕ್ಕೆ ಹೊಂದಿಲ್ಲ. ಬೇಸಿಗೆಯಲ್ಲಿ ಬರೀ ಬನಿಯನ್ನಿನಲ್ಲಿ ಕೂತಾಗ ಹೊಸಬರು ಯಾರಾದರೂ ಕೇಳಿದರೆ ಅವರು, "ಮೈಮ್ಯಾಲೆ ಲಾರಿ ಬಿದ್ದಿತ್ತು" ಅನ್ನುತ್ತಾರೆ. ಕೇಳಿದವರು ನಂಬುತ್ತಾರೆ. ಯಾಕೆಂದರೆ ಅವರ ಕೆಲಸವೇ ಲಾರಿ ಕಟ್ಟುವುದು.

ಬಸವಕಲ್ಯಾಣದ ಹೆದ್ದಾರಿಯ ಬದಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಕಂಪನಿಯಿಂದ ಲಾರಿ ಅಂತ ಬರುವುದು ಇಂಜಿನ್ನು, ಗಾಲಿ ಮತ್ತು ಉದ್ದನೆಯ ಎರಡು ಕಬ್ಬಿಣದ ಪಟ್ಟಿ ಮಾತ್ರ. ಅದರ ಮೇಲೆ ಕಟ್ಟಿಗೆ, ತಗಡು ಜೋಡಿಸಿ ಬಾಡಿ ಕಟ್ಟುವವರು ಇಲ್ಲಿಯವರು. ನಮ್ಮ ಮನೆಯವರು ಶರಣಪ್ಪ ಆಗ ಹದಿನೈದು ವರ್ಷಗಳಿಂದ ಅದೇ ಕೆಲಸದಲ್ಲಿದ್ದರು. ನಾನು ಹುಮನಾಬಾದಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ಮದುವೆಯಾಗಿ ಕಲ್ಯಾಣಕ್ಕೆ ಬಂದು, ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಹೆಂಗಸರಿಗೆ ಮರ್ಯಾದೆಯಿಂದ ಬಾಯಿ ಅನ್ನುವ ನಮ್ಮ ಕಡೆಯ ರೂಢಿಯಂತೆ "ಟೀಚರ್ ಬಾಯಿ" ಅನ್ನುತ್ತಾರೆ, ಚಹಾ ಬೇಕಾದಾಗಲೂ ಸಿಟ್ಟು ಬಂದಾಗಲೂ.

ಕಟ್ಟಿಗೆ ಹೊರುವವರ ಭುಜದ ಮೇಲೆ ಚರ್ಮ ಗಟ್ಟಿಯಾಗಿ ಒಂದು ಗಂಟು ಏಳುತ್ತದೆ. ಕಾರ್ಖಾನೆಯ ಮಂದಿ ಅದಕ್ಕೆ "ಬಿಲ್ಲಾ" ಅನ್ನುತ್ತಾರೆ, ಜವಾನರ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯ ಹಾಗೆ. ಬಿಲ್ಲಾ ಎದ್ದವನು ಪಳಗಿದ ಆಳು ಎಂದು ಲೆಕ್ಕ. ೧೯೯೭ರ ಕೊನೆಯಲ್ಲಿ ಇವರ ಭುಜದ ಮೇಲೆ ಅಡಿಕೆಯಷ್ಟು ಒಂದು ಗಂಟು ಕಂಡಾಗ ಜೊತೆಯ ಮಿಸ್ತ್ರಿ ಮಹೆಬೂಬ ಭಾಯಿ ನಮ್ಮ ಮನೆಗೇ ಬಂದು, "ಭಾಭಿ, ಶರಣಪ್ಪಗ ಎರಡನೇ ಬಿಲ್ಲಾ ಸಿಕ್ಕದ. ಪೇಢಾ ಹಂಚ್ರಿ" ಎಂದು ನಕ್ಕು ಹೋಗಿದ್ದರು. ಮೊದಲನೆಯದು ಎಡಭುಜದ ಮೇಲಿತ್ತು. ಅದು ಬಿಳಿಚಿಕೊಂಡ ಒಣ ಚರ್ಮ. ಇದು ಕೆಂಪಾಗಿ ಹೊಳೆಯುತ್ತಿತ್ತು. ಆ ವ್ಯತ್ಯಾಸ ನಾನು ನೋಡಿದ್ದೆ.

ಆರು ತಿಂಗಳಲ್ಲಿ ಅದು ಲಿಂಬೆಹಣ್ಣಿನಷ್ಟಾಯಿತು. ಬುಡ ಸಣ್ಣದು, ಮೇಲೆ ದುಂಡಗೆ. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ದವಾಖಾನೆ ಯಾಕೆ ಅನ್ನುವುದು ನಮ್ಮ ಮನೆಯ ರಿವಾಜು. ನಮ್ಮ ಅತ್ತೆ ಮಂಠಾಳದವರು. ಅಲ್ಲಿಂದ ಬಂದಾಗ ಮಗನ ಅಂಗಿ ಬಿಚ್ಚಿಸಿ ನೋಡಿದರು.

"ಇದು ಬಿಲ್ಲಾ ಅಲ್ಲ, ನರೂಲಿ. ದೊಡ್ಡ ನರೂಲಿ. ಕುದುರಿ ಬಾಲದ ಕೂದಲು ತಂದು ಬುಡಕ್ಕ ಬಿಗೀರಿ. ದಮ್ ಕಟ್ಟಿದ್ರ ಒಣಗಿ ಉದರ್ತದ."

"ಕಲ್ಯಾಣದಾಗ ಈಗ ಕುದುರಿ ಎಲ್ಲಿ ಉಳದಾವ? ಟಾಂಗಾದವನ ಕುದುರಿ ಹತ್ರ ಹೋದ್ರ ಒದಿತದ" ಅಂದರು ಇವರು.

"ನಿನಗ ಒದ್ರ ಒದೀಲಿ. ಬುದ್ಧಿ ಬರ್ತದ."

ಅತ್ತೆಯ ಮಾತು ಅಲ್ಲಿಗೇ ಮುಗಿಯಬಹುದಿತ್ತು. ಮುಂದುವರಿಸಿದವಳು ನಾನು. ಇದನ್ನು ಯಾರೂ ನನ್ನಿಂದ ಒತ್ತಾಯ ಮಾಡಿ ಮಾಡಿಸಲಿಲ್ಲ. ಮುದುಕಿಯರ ಮದ್ದುಗಳನ್ನು ನಾನು ಸಾಮಾನ್ಯವಾಗಿ ಒಪ್ಪುವವಳಲ್ಲ, ಆದರೆ ಇದರಲ್ಲಿ ನನಗೆ ವಿಜ್ಞಾನ ಕಂಡಿತು. ರಕ್ತ ಹೋಗದಿದ್ದರೆ ಆಮ್ಲಜನಕ ಇಲ್ಲ, ಆಮ್ಲಜನಕ ಇಲ್ಲದಿದ್ದರೆ ಜೀವಕೋಶ ಸಾಯುತ್ತದೆ. ಇದನ್ನೇ ನಾನು ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ಕೂದಲು ಸಿಗಲಿಲ್ಲ. ಲಾರಿಯ ಸರಕಿಗೆ ಹೊದಿಸುವ ತಾಡಪತ್ರಿ ಹೊಲಿಯುವ ನೈಲಾನ್ ದಾರ ಮನೆಯಲ್ಲಿತ್ತು. ಅದನ್ನು ಕುದಿವ ನೀರಲ್ಲಿ ಅದ್ದಿ, ಒಣಗಿಸಿ, ಆ ಗಂಟಿನ ಬುಡಕ್ಕೆ ಎರಡು ಸುತ್ತು ಹಾಕಿ ಬಿಗಿದೆ. ನೀರು ಕುದಿಸಿದ್ದಕ್ಕೆ ನನಗೆ ಒಂದು ಸಮಾಧಾನವೂ ಇತ್ತು.

ಮೂರು ವಾರ. ಮೂರು ದಿನಕ್ಕೊಮ್ಮೆ ಹಳೆಯ ದಾರ ಬಿಚ್ಚಿ ಹೊಸದನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತಿದ್ದೆ. ಅವರು ಗೋಡೆ ಕಡೆ ಮುಖ ಮಾಡಿ ಕೂತು ಹಲ್ಲು ಕಚ್ಚುತ್ತಿದ್ದರು. "ಟೀಚರ್ ಬಾಯಿ, ನೀ ನಮ್ಮ ಕಾರ್ಖಾನಿಗೆ ಬಾ. ನಟ್ಟು ಬಿಗಿಯಾಕ ಮಂದಿ ಸಿಗವಲ್ರು." ಮೊದಲ ವಾರ ಅದು ನೀಲಿಗಟ್ಟಿತು. ಗೆದ್ದೆ ಅಂದುಕೊಂಡೆ. ಎರಡನೆಯ ವಾರ ಒಣಗಬೇಕಾದದ್ದು ಒಣಗಲಿಲ್ಲ. ಮೂರನೆಯ ವಾರ ಬುಡದ ಸುತ್ತ ಚರ್ಮದ ಕೆಳಗೆ ದಾರದೆಳೆಯಂಥ ಕೆಂಪು ನೀಲಿ ನರಗಳು ಕಂಡವು. ಮೊದಲು ಇರಲಿಲ್ಲ. ಬೆರಳಿಟ್ಟರೆ ಬಿಸಿ. ಬೆರಳ ಕೆಳಗೆ ನಾಡಿಯ ಹಾಗೆ ಏನೋ ಬಡಿಯುತ್ತಿತ್ತು. ಅಂದು ಹೆದರಿ ಬ್ಲೇಡಿನಿಂದ ದಾರ ಕತ್ತರಿಸಿ ಒಲೆಗೆ ಹಾಕಿದೆ. ಅವರಿಗೆ, "ಸಾಕು, ಸ್ವಲ್ಪ ದಿನ ಬಿಡೋಣ" ಅಂದೆ. ನರಗಳ ವಿಷಯ ಹೇಳಲಿಲ್ಲ. ಅವು ಅವರ ಕಣ್ಣಿಗೆ ಕಾಣದ ಜಾಗದಲ್ಲಿದ್ದವು.

ಎರಡು ದಿನದ ನಂತರ ಮಧ್ಯಾಹ್ನ ಶಾಲೆಯಲ್ಲಿ ಟೆಸ್ಟಿನ ಪೇಪರು ತಿದ್ದುತ್ತಿದ್ದೆ. ಗೇಟಿನ ಹತ್ತಿರ ಟೆಂಪೋ ನಿಂತಿತು. ಮಹೆಬೂಬ ಭಾಯಿ ಒಳಗಿನಿಂದಲೇ ಕೂಗಿದರು, ಇಳಿಯಲಿಲ್ಲ. ಇಳಿಯಲು ಅವರಿಗೆ ಸಾಧ್ಯವಿರಲಿಲ್ಲ. ಅವರ ಬಲ ಅಂಗೈ ನಮ್ಮ ಮನೆಯವರ ಭುಜದ ಮೇಲಿತ್ತು, ಅಂಗೈ ಕೆಳಗೆ ಮಡಚಿದ ಟವೆಲ್ಲು, ಟವೆಲ್ಲಿನ ಬಣ್ಣ ಯಾವುದೆಂದು ತಿಳಿಯುತ್ತಿರಲಿಲ್ಲ.

"ಘಾಬರಿ ಆಗಬ್ಯಾಡ್ರಿ ಭಾಭಿ. ಫಳಿ ತಾಕಿ ಒಡದದ. ಊರ ದವಾಖಾನಿಯಾಗ ಪಟ್ಟಿ ಕಟ್ಟಿದ್ರು, ಅದೂ ತೊಯ್ದು ಹೋಯ್ತು. ಹುಮನಾಬಾದಿಗೆ ಒಯ್ರಿ ಅಂದಾರ. ನೀವು ಹತ್ರಿ ಮೊದಲು."

ಒಂದು ಫಳಿ, ಅಂದರೆ ಬಾಡಿಗೆ ಹಾಕುವ ಹಲಗೆ, ತಾಕಿದ್ದಕ್ಕೆ ಅಷ್ಟು ರಕ್ತ. ಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಆ ದಾರಿಯನ್ನು ನಾನು ಈಗಲೂ ಮನಸ್ಸಿನಲ್ಲಿ ಓಡಿಸುತ್ತಿರುತ್ತೇನೆ, ಪಾತ್ರೆ ತೊಳೆಯುವಾಗ, ಪರೀಕ್ಷಾ ಕೋಣೆಯಲ್ಲಿ ಸುಮ್ಮನೆ ನಿಂತಾಗ. ಪ್ರತಿ ಉಬ್ಬಿಗೆ ಟೆಂಪೋ ಜಿಗಿಯುತ್ತದೆ, ಮಹೆಬೂಬ ಭಾಯಿಯ ಅಂಗೈ ಒಂದು ಕ್ಷಣ ಸಡಿಲಾಗುತ್ತದೆ, ಬಿಸಿಯಾದದ್ದು ನನ್ನ ಸೀರೆಯ ಮೇಲೆ ಬೀಳುತ್ತದೆ. ನಮ್ಮ ಮನೆಯವರ ತುಟಿ ಬೂದಿ ಬಣ್ಣವಾಗಿತ್ತು. "ಬಾಯಿ ಒಣಗಾಕತ್ತದ" ಅಂದರು ಒಮ್ಮೆ.

ಹುಮನಾಬಾದಿನ ಡಾಕ್ಟರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಗಂಟೆಯೊಳಗೆ ರಕ್ತ ನಿಲ್ಲಿಸಿ ಸಲಾಯಿನ್ ಹಚ್ಚಿದರು. ಆಮೇಲೆ ಕನ್ನಡಕ ಸರಿಸಿ ಗಂಟಿನ ಬುಡವನ್ನು ನೋಡಿದರು. ಅಲ್ಲಿ ಸುತ್ತಲೂ ಒಂದು ಗೆರೆಯಂಥ ಗುರುತಿತ್ತು.

"ಏನಾದ್ರೂ ಕಟ್ಟಿದ್ರೇನವಾ ಇದಕ್ಕ?"

"ಇಲ್ಲರಿ. ಬನಿಯನ್ ಪಟ್ಟಿ ಒತ್ತಿರಬೇಕ್ರಿ" ಅಂದೆ. ಅಷ್ಟು ಬೇಗ ಸುಳ್ಳು ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಮತ್ತೆ ಕೇಳಲಿಲ್ಲ. ಒಂದು ಚೀಟಿ ಬರೆದು, ಸೊಲ್ಲಾಪುರಕ್ಕೆ ಹೋಗಿ, ತಡ ಮಾಡಬೇಡಿ ಅಂದರು. ಚೀಟಿಯಲ್ಲಿ ಏನು ಬರೆದಿದ್ದರೋ ಅದನ್ನು ನಾನು ಓದಿದೆ. ಇವರು ಓದಲಿಲ್ಲ, ಕೇಳಲೂ ಇಲ್ಲ.

ಸೊಲ್ಲಾಪುರದ ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದ ಬೆಂಚುಗಳಿದ್ದವು. ಮರಾಠಿಯಲ್ಲಿ ನಂಬರು ಕೂಗುತ್ತಿದ್ದರು. ಕೂಗಿದಾಗಲೆಲ್ಲ ಬೆಂಚಿನ ಅರ್ಧ ಮಂದಿ ಎದ್ದು, ನಮ್ಮದಲ್ಲ ಎಂದು ಕೂಡುತ್ತಿದ್ದರು. ರೋಗದ ಹೆಸರು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಹುಲಸೂರಿನ ಕಡೆಯ ಒಬ್ಬ ಹೆಂಗಸು ನನ್ನ ಮಾತಿನ ಧಾಟಿ ಕೇಳಿ ಪಕ್ಕಕ್ಕೆ ಸರಿದು ಕೂತರು.

"ಯಾರಿಗದ?"

"ಮನೆಯವರಿಗ್ರಿ."

"ನಮ್ಮದು ಮಗಳಿಗೆ. ದೊಡ್ಡ ಬ್ಯಾನಿ ಅಂದಾರೇನು ನಿಮಗ?"

"ಇನ್ನಾ ಅಂದಿಲ್ಲರಿ."

"ಅನ್ನೋತನಕ ಉಣ್ಣು. ಅಂದ ಮ್ಯಾಲೆ ಗಂಟಲಾಗ ಇಳಿಯಂಗಿಲ್ಲ." ಅರ್ಧ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ನನ್ನ ಕೈಯಲ್ಲಿಟ್ಟರು. ತಿಂದೆ. ಆ ಎರಡು ದಿನಗಳಲ್ಲಿ ಹೊಟ್ಟೆಗೆ ಹೋದದ್ದು ಅದೊಂದೇ.

ಅಲ್ಲಿಯ ಸರ್ಜನ್ನರಿಗೆ ಕನ್ನಡ ಬರುತ್ತಿತ್ತು. ಅವರ ತಾಯಿಯ ಮನೆ ನಮ್ಮ ಕಡೆಯದು. ಅವರೂ ಅದೇ ಗೆರೆಯನ್ನು ನೋಡಿ ಅದೇ ಪ್ರಶ್ನೆ ಕೇಳಿದರು. ಕಟ್ಟಿದ್ರಾ, ಸುಟ್ಟಿದ್ರಾ, ಏನಾದರೂ ಹಚ್ಚಿದ್ರಾ? ನಾನು ಇಲ್ಲ ಅಂದೆ. ಇವರು ನನ್ನ ಮುಖ ನೋಡಿದರು. ನಾಳೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ ಅಂದರು ಡಾಕ್ಟರು. ಮರುದಿನ ಬೆಳಿಗ್ಗೆ ಇವರನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಬ್ಬ ನರ್ಸು ಹೊರಬಂದು, ಹತ್ತಿಯ ದೊಡ್ಡ ಗಂಟೊಂದನ್ನು ಎದೆಗವಚಿಕೊಂಡು ಓಡುತ್ತಾ ಒಳಹೋದಳು. ಬೆನ್ನಿಗೇ ಇನ್ನೊಬ್ಬಳು. ಎದ್ದು ಬಾಗಿಲು ಬಡಿದು ಹೇಳಬೇಕಿತ್ತು. ಮೂರು ವಾರ ದಾರ ಕಟ್ಟಿದ್ದೆ, ಅಲ್ಲಿ ಹೊಸ ನರ ಬಿಟ್ಟಿವೆ, ಜೋಪಾನ, ಎಂದು. ಮೂರು ಮಾತು. ನಾನು ಬೆಂಚಿನ ಅಂಚು ಹಿಡಿದು ಕೂತೇ ಇದ್ದೆ. ಹೈಸ್ಕೂಲ್ ಟೀಚರು, ಬಿ.ಎಸ್ಸಿ., ಗಂಡನ ಭುಜಕ್ಕೆ ತಾಡಪತ್ರಿ ದಾರ ಬಿಗಿದಳು ಎಂದು ಯಾರಾದರೂ ಅನ್ನುವುದನ್ನು ತಪ್ಪಿಸಿಕೊಳ್ಳಲು ಕೂತಿದ್ದೆ. ಇದಕ್ಕಿಂತ ಬೇರೆ ಕಾರಣ ನನಗೆ ಆಗಲೂ ಇರಲಿಲ್ಲ, ಆಮೇಲೂ ಸಿಕ್ಕಿಲ್ಲ.

ರಕ್ತ ನಿಂತಿತು. ಎಂಟು ದಿನಕ್ಕೆ ಬಂದ ರಿಪೋರ್ಟಿನಲ್ಲಿ ಹುಲಸೂರಿನ ಹೆಂಗಸು ಹೇಳಿದ ದೊಡ್ಡ ಬ್ಯಾನಿಯೇ ಇತ್ತು. ಚರ್ಮದ ಕೆಳಗಿನ ಮಾಂಸದಲ್ಲಿ ಏಳುವ ಒಂದು ಜಾತಿಯ ಕ್ಯಾನ್ಸರು. ಸುತ್ತಲಿನ ಒಳ್ಳೆಯ ಮಾಂಸವನ್ನೂ ಸೇರಿಸಿ ಅಗಲವಾಗಿ ಕತ್ತರಿಸಬೇಕು, ರಕ್ತ ಭಾಳ ಹೋಗಬಹುದು, ಕೊಡುವವರನ್ನು ಕರೆತನ್ನಿ ಅಂದರು. ಸುದ್ದಿ ಕಾರ್ಖಾನೆಗೆ ಮುಟ್ಟಿದ ಮರುದಿನ ಆಸ್ಪತ್ರೆಯ ಮುಂದೆ ಇನ್ನೂ ಬಣ್ಣ ಬಳಿಯದ ಒಂದು ಲಾರಿ ಬಂದು ನಿಂತಿತು. ಹಿಂದೆ ಒಂಬತ್ತು ಜನ ನಿಂತಿದ್ದರು. ಕಾವಲಿನವನು ಗಾಬರಿಯಾಗಿ ತಡೆದ.

"ಯಾರ ಲಾರಿ ಇದು?" ಎಂದು ಇವರು ಹಾಸಿಗೆಯಿಂದಲೇ ಮಹೆಬೂಬ ಭಾಯಿಯನ್ನು ಕೇಳಿದರು.

"ಲಾತೂರಿನ ಸೇಠಂದು. ಬಾಡಿ ಗಟ್ಟಿ ಅದನೋ ಇಲ್ಲೋ ಓಡಿಸಿ ನೋಡಬೇಕಲ್ಲ? ನೋಡಾಕತ್ತೇವಿ."

"ಸೇಠಗ ಗೊತ್ತಾದ್ರ?"

"ನಿನ್ನ ರಕ್ತದಾಗ ನಂದು ಸೇರತದ ನಾಳೆ. ಆಮ್ಯಾಲೆ ಸೇಠ ಬೈದ್ರ ಇಬ್ಬರಿಗೂ ಬರೋಬರ್ ಹತ್ತತದ."

ಒಂಬತ್ತು ಜನರಲ್ಲಿ ಐವರದು ಹೊಂದಿತು. ಹೊಂದದವರು ಮುಖ ಸಣ್ಣ ಮಾಡಿಕೊಂಡರು, ಪರೀಕ್ಷೆಯಲ್ಲಿ ನಪಾಸಾದವರ ಹಾಗೆ.

ಆಪರೇಷನ್ ಆರು ಗಂಟೆ ನಡೆಯಿತು. ನಾಲ್ಕನೆಯ ದಿನ ಪಟ್ಟಿ ಬದಲಿಸಲು ಬಂದಾಗ ನಾನು ಸರ್ಜನ್ನರಿಗೆ ಒಂದು ಪ್ರಶ್ನೆ ಕೇಳಿದೆ. ವಿಜ್ಞಾನದ ಟೀಚರು ಕೇಳುವ ಹಾಗೆ, ಯಾರದೋ ಮಾತೆಂಬಂತೆ.

"ಸರ್, ಇಂಥ ಗಡ್ಡೆಗೆ ರಕ್ತ ಸಿಗದಂಗ ಮಾಡಿದ್ರ ಅದು ಸಾಯಬೇಕಲ್ಲರಿ?"

ಅವರು ಪಟ್ಟಿ ಸುತ್ತುತ್ತಲೇ ಹೇಳಿದರು. "ನಿಮ್ಮ ಕಲ್ಯಾಣದಾಗ ನಳದ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ?"

"ನಾಕೈದು ದಿನಕ್ಕ್ರಿ."

"ನೀರು ಮುಟ್ಟದ ಓಣಿಯವರು ಸುಮ್ನ ಕುಂದರ್ತಾರೇನು? ದೊಡ್ಡ ಪೈಪಿಗೆ ತೂತು ಹೊಡದು ತಮ್ಮ ಮನಿಗೆ ಕಳ್ಳ ಲೈನ್ ಎಳಕೋತಾರ. ಇದೂ ಹಂಗೇ. ಗಡ್ಡಿ ಜಲ್ದಿ ಬೆಳೀತದ, ನಡುವಿನ ಕೋಶಗಳಿಗೆ ಉಸಿರು ಸಾಲಂಗಿಲ್ಲ. ಒಳ್ಳೆ ಕೋಶ ಆದ್ರ ಸಾಯ್ತಿದ್ವು. ಇವು ಸಾಯೋದು ಬಿಟ್ಟು ಸುತ್ತಲಿನ ರಕ್ತನಾಳಕ್ಕ ಸುದ್ದಿ ಕಳಸ್ತಾವ, ಇತ್ಲಾಗ ಬರ್ರಿ ಅಂತ. ಹೊಸ ನಾಳ ಚಿಗಿತಾವ, ಗಡ್ಡಿ ಕಡೆ ಬರ್ತಾವ. ಆ ನಾಳ ಕಚ್ಚಾ, ಗ್ವಾಡಿ ತೆಳ್ಳಗ. ಅದಕ್ಕೇ ಮುಟ್ಟಿದ್ರ ಹಂಗ ಸುರೀತದ." ಪಟ್ಟಿಯ ತುದಿಗೆ ಗಂಟು ಹಾಕಿದರು. "ಅದರ ದಮ್ ಕಟ್ಟಿದಷ್ಟು ಹಟ ಜಾಸ್ತಿ."

ಅವರು ಹೋದರು. ನಾನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ದಮ್ ಎಂದು ನಮ್ಮ ಅತ್ತೆ ಉಪಯೋಗಿಸಿದ್ದ ಶಬ್ದವನ್ನೇ ಅವರೂ ಉಪಯೋಗಿಸಿದ್ದರು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ವಾಕ್ಯ ತಪ್ಪಾಗಿರಲಿಲ್ಲ, ಅರ್ಧವಾಗಿತ್ತು. ಉಳಿದ ಅರ್ಧವನ್ನು ಮೂರು ವಾರ ನನ್ನ ಬೆರಳಿನ ಕೆಳಗೆ ಬೆಳೆಸಿದ್ದೆ, ಬೆಳೆದದ್ದನ್ನು ಕಣ್ಣಾರೆ ನೋಡಿದ್ದೆ. ಅಂದಿನಿಂದ ಒಂದೇ ಲೆಕ್ಕ ಶುರುವಾಯಿತು. ಅದು ರಕ್ತದ ದಾರಿ ಹಿಡಿದು ಬೇರೆಡೆಗೆ ಹೋಗಿದ್ದರೆ, ಆ ದಾರಿ ಮಾಡಿಕೊಟ್ಟವಳು ನಾನು.

ಆಮೇಲೆ ಆರು ವಾರ ಕರೆಂಟು ಕೊಡುವುದು, ಅಂದರೆ ರೇಡಿಯೇಷನ್ನು. ನಾನು ಶಾಲೆಗೆ ರಜೆ ಹಾಕಿದೆ. ಅತ್ತೆ ಮಂಠಾಳ ಬಿಟ್ಟು ಬಂದು ನಮ್ಮ ಜೊತೆ ಸೊಲ್ಲಾಪುರದ ಬಾಡಿಗೆ ಕೋಣೆಯಲ್ಲಿದ್ದರು. ಒಂದು ದಿನ ಅಕ್ಕಿ ಆರಿಸುತ್ತಾ, ತಲೆ ಎತ್ತದೆ, "ನಾ ಹೇಳಿದ್ದು ತಪ್ಪಾಯ್ತೇನವಾ?" ಅಂದರು. "ನೀವು ಹೇಳಿದ್ರಿ, ಕಟ್ಟಿದಾಕಿ ನಾ" ಅಂದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ನಂತರ ಆರು ತಿಂಗಳಿಗೊಮ್ಮೆ ಎದೆಯ ಫೋಟೋ, ಅಂದರೆ ಎಕ್ಸ್-ರೇ. ಈ ಜಾತಿಯದು ಹರಡಿದರೆ ಶ್ವಾಸಕೋಶಕ್ಕೆ ಹೋಗುತ್ತದಂತೆ. ಫೋಟೋ ತೆಗೆಸಿ ರಿಪೋರ್ಟು ಬರುವವರೆಗಿನ ಎರಡು ಗಂಟೆ, ವರ್ಷಗಳು ಕಳೆದರೂ ಸಲೀಸಾಗಲಿಲ್ಲ. ಇವರು ಪಕ್ಕದವರ ಜೊತೆ ಲಾರಿಯ ಮಾತು ತೆಗೆದು ಕೂಡುತ್ತಿದ್ದರು. ನಾನು ಅವರು ಕೆಮ್ಮಿದ್ದನ್ನು ಎಣಿಸುತ್ತಿದ್ದೆ. ಪ್ರತಿ ಸಲವೂ ಡಾಕ್ಟರಿಗೆ ಹೇಳಿಬಿಡಬೇಕೆಂದು ಹೋಗುತ್ತಿದ್ದೆ. ಫೋಟೋ ಚೆನ್ನಾಗಿದೆ ಎಂದ ಕೂಡಲೇ, ಇನ್ನೇನು ಬೇಕು, ಮುಂದಿನ ಸಲ ನೋಡೋಣ ಎಂದು ಎದ್ದು ಬರುತ್ತಿದ್ದೆ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಡಾಕ್ಟರ ಮುಂದೆ ಇಂಥ ಒಂದು ಮಾತು ನುಂಗಿಕೊಂಡು ಕೂತಿದ್ದರೆ, ಅವರಿಗಾಗಿಯೇ ನಾನು ಬರೆಯುತ್ತಿರುವುದು. ಆ ಬೆಂಚಿನ ಮೇಲೆ ನೀವೊಬ್ಬರೇ ಇಲ್ಲ.

೨೦೦೪ರಲ್ಲಿ ಆಸ್ಪತ್ರೆಯಲ್ಲಿ ಹೊಸ ಪದ್ಧತಿ ಬಂತು. ಹಳೆಯ ಫೈಲನ್ನು ರೋಗಿಯ ಕಡೆಯವರೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಒಯ್ಯಬೇಕು. ಆರು ವರ್ಷದ ದಪ್ಪ ಫೈಲು ಮೊದಲ ಬಾರಿಗೆ ನನ್ನ ತೊಡೆಯ ಮೇಲೆ ಕೂತಿತು. ತೆರೆದೆ. ಮೊದಲ ಹಾಳೆಯ ಕೆಳಗೆ, ಚೂರು ತೆಗೆದ ದಿನದ ತಾರೀಕಿನ ಮುಂದೆ, ಸರ್ಜನ್ನರ ಕೈಬರಹದಲ್ಲಿ ಇಂಗ್ಲಿಷಿನ ಎರಡು ಸಾಲಿದ್ದವು. ರೋಗಿಯೇ ಗಡ್ಡೆಯ ಬುಡಕ್ಕೆ ಮೂರು ವಾರ ನೈಲಾನ್ ದಾರ ಕಟ್ಟಿಕೊಂಡಿದ್ದಾನೆ, ರಕ್ತಸ್ರಾವಕ್ಕೆ ತಯಾರಿ ಇಟ್ಟುಕೊಂಡು ಮುಂದುವರಿಯುವುದು. ಎರಡನೆಯ ಸಾಲು ಚಿಕ್ಕದು. ಹೆಂಡತಿಗೆ ಗೊತ್ತಿಲ್ಲ.

ಎರಡು ಸಲ ಓದಿದೆ. ಪಕ್ಕದಲ್ಲಿ ಇವರು ಬಾರ್ಶಿಯ ಒಬ್ಬ ಮುದುಕನಿಗೆ ಸಾಗವಾನಿ ಕಟ್ಟಿಗೆಗೂ ಬಬೂಲಿನ ಕಟ್ಟಿಗೆಗೂ ಇರುವ ಫರಕು ತಿಳಿಸಿಕೊಡುತ್ತಿದ್ದರು. ತೋಳು ಹಿಡಿದು ಎಳೆದೆ.

"ಅವತ್ತು ಒಳಗ ಹೋದಾಗ ಡಾಕ್ಟರ್ಗೆ ಏನ್ ಹೇಳಿದ್ರಿ ನೀವು?"

"ಯಾವತ್ತು?"

"ಮೊದಲನೇ ಸಲ. ಚೂರು ತೆಗದಾಗ."

ಅವರು ಫೈಲಿನತ್ತ ನೋಡಿದರು. "ನನಗ ಇಂಗ್ಲಿಷ್ ಎಲ್ಲಿ ಬರ್ತದ, ಟೀಚರ್ ಬಾಯಿ?"

"ಹೇಳ್ರಿ."

"ಚಾಕು ಹಿಡಕೊಂಡು ನಿಂತಿದ್ರು. ಗೊತ್ತಿಲ್ಲದ ಲಾರಿಗೆ ಯಾರಾದ್ರೂ ಕೈ ಹಾಕ್ತಾರೇನು? ಎಲ್ಲಿ ಏನದ ಹೇಳಬೇಕಲ್ಲ. ಹೇಳಿದೆ."

"ನೀವೇ ಕಟ್ಟಿಕೊಂಡೆ ಅಂತ?"

"ನಾ ಏಳನೇ ಇಯತ್ತೆ ಕಲತಾಂವ. ನಾ ಕಟ್ಟಿಕೊಂಡ್ರ ಯಾರು ನಗ್ತಾರ? ನೀ ಮಕ್ಕಳಿಗೆ ಕಲಸಾಕಿ." ಮುದುಕನ ಕಡೆ ತಿರುಗಿದರು. "ಹಾಂ, ಬಬೂಲು ಅಂತಂದ್ರ..."

ಆರು ವರ್ಷ ನಾನು ಆ ಮುಚ್ಚಿದ ಬಾಗಿಲಿನ ಎದುರು ಕೂತಿದ್ದೆ. ಒಳಗಿದ್ದವರಿಗೆ ಎಲ್ಲ ಗೊತ್ತಿತ್ತು. ಹತ್ತಿಯ ಗಂಟು ಹೊತ್ತು ಓಡಿದ ನರ್ಸಿಗೂ ಗೊತ್ತಿತ್ತು. ಅದಕ್ಕೇ ಓಡಿದ್ದಳು.

ನಮ್ಮ ಸರದಿ ಬಂತು. ಸರ್ಜನ್ನರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದೆ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಅಂದರು. ನಾನು ಏಳಲಿಲ್ಲ. ಫೈಲಿನ ಮೊದಲ ಹಾಳೆ ತೆರೆದು ಅವರ ಮುಂದಿಟ್ಟೆ.

"ಸರ್, ಈ ಸಾಲು ತಪ್ಪದ. ಕಟ್ಟಿದ್ದು ನಾನು. ನಿಮಗ ಇಲ್ಲ ಅಂದದ್ದೂ ನಾನೇ."

ಅವರು ಓದಿದರು. ಬಹಳ ಹೊತ್ತು ಓದಿದರು, ಎರಡೇ ಸಾಲನ್ನು.

"ನಾ ಕಟ್ಟಿದ್ದರಿಂದಲೇ ಅದು ಹಂಗ ಆಯ್ತೇನ್ರಿ?"

"ಕಟ್ಟದಿದ್ರೂ ಅದು ಅದನ್ನೇ ಮಾಡ್ತಿತ್ತು. ಅದರ ಹೊಟ್ಯಾಗ ಉಸಿರು ಮೊದಲೇ ಇರಲಿಲ್ಲ. ನಿಮ್ಮ ದಾರ ಅದಕ್ಕ ಅವಸರ ಮಾಡ್ತೋ ಇಲ್ಲೋ, ನನಗ ಗೊತ್ತಿಲ್ಲ. ಯಾರಿಗೂ ಗೊತ್ತಾಗಂಗಿಲ್ಲ. ಸುಳ್ಳು ಸಮಾಧಾನ ಹೇಳಲೇನು?"

"ಬ್ಯಾಡ್ರಿ."

"ಮತ್ತ ಈಗ ಈ ಸಾಲು ತಿದ್ದಿದ್ರ ಏನ್ ಫರಕ್ ಬೀಳ್ತದ?"

"ಏನೂ ಬೀಳಂಗಿಲ್ಲರಿ. ಆದರೂ ತಿದ್ರಿ."

ಡಾಕ್ಟರು ಪೆನ್ನು ತೆಗೆದು ಎರಡೂ ಸಾಲು ಹೊಡೆದು, ಪಕ್ಕದಲ್ಲಿ ಸಣ್ಣಗೆ ಹೊಸದನ್ನು ಬರೆದು, ತಾರೀಕು ಹಾಕಿ ಸಹಿ ಮಾಡಿದರು. ಫೈಲನ್ನು ನನ್ನ ಕಡೆ ತಿರುಗಿಸಿದರು. ಓದಿದೆ. ಸರಿಯಾಗಿತ್ತು.

ಇವರು ಅಷ್ಟು ಹೊತ್ತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನಿಂತಿದ್ದರು.

"ಹೆಂಗೂ ಬರಿಯಾಕತ್ತೀರಿ ಸಾಹೇಬ್ರ," ಅಂದರು, "ಇನ್ನೊಂದು ಮಾತು ಸೇರಸ್ರಿ. ಗಂಟು ಭಾಳ ಬಿಗಿ ಇತ್ತು."